300 ಓಮ್‌ಗೂ 38 ಓಮ್‌ಗೂ ಒಂದೇ ಪೆಟ್ಟಿಗೆ

ಹಳೆಯ ಸ್ಟೀರಿಯೋ ರಿಸೀವರಿನ ಮುಚ್ಚಳ ಬಿಚ್ಚಿದಾಗ ಹೆಡ್‌ಫೋನ್ ಜ್ಯಾಕಿನ ಹಿಂದೆ ಕಂಡದ್ದು ಎರಡೇ ಎರಡು ದಪ್ಪ ರೆಸಿಸ್ಟರ್. ಕಿತ್ತಳೆ, ಕಿತ್ತಳೆ, ಕಂದು ಪಟ್ಟಿ. ಅಂದರೆ 330 ಓಮ್. ಎಡಕ್ಕೊಂದು, ಬಲಕ್ಕೊಂದು. ಸ್ಪೀಕರಿಗೆ ಹೋಗುವ ತಂತಿಯಿಂದಲೇ ಒಂದು ಕವಲು ತೆಗೆದು, ನಡುವೆ ಈ ರೆಸಿಸ್ಟರ್ ಕೂರಿಸಿ, ನೇರ ಜ್ಯಾಕಿಗೆ ಕೊಟ್ಟಿದ್ದಾರೆ. ಹೆಡ್‌ಫೋನಿಗೆಂದೇ ಬೇರೆ ಆಂಪ್ (ಸಿಗ್ನಲ್ ಹಿಗ್ಗಿಸುವ ಆಂಪ್ಲಿಫೈಯರ್) ಒಳಗೆ ಇಲ್ಲವೇ ಇಲ್ಲ. ಎರಡು ತಿಂಗಳಿಂದ ತಲೆ ತಿನ್ನುತ್ತಿದ್ದ ಪ್ರಶ್ನೆಗೆ ಉತ್ತರ ಅಲ್ಲೇ ಕೂತಿತ್ತು.

ಪ್ರಶ್ನೆ ಇಷ್ಟೇ. ನನ್ನ ಹತ್ತಿರ ಎರಡು ಹೆಡ್‌ಫೋನ್ ಇವೆ. ಒಂದು ಸೆನ್‌ಹೈಸರ್ ಎಚ್‌ಡಿ 600, 300 ಓಮ್. ಇನ್ನೊಂದು ಆಡಿಯೋ-ಟೆಕ್ನಿಕಾ ಎಂ50ಎಕ್ಸ್, 38 ಓಮ್. ಎಚ್‌ಡಿ 600 ಅನ್ನು ರಿಸೀವರಿಗೆ ಚುಚ್ಚಿದರೆ ದನಿ ಗಟ್ಟಿಯಾಗಿ ಬರುತ್ತದೆ, ಆದರೆ ಮೃದಂಗದ ಎಡಬದಿ ಊದಿಕೊಂಡು ಪಕ್ಕದ ಸ್ವರಗಳ ಮೇಲೆ ಬೀಳುತ್ತದೆ. ಅದನ್ನೇ ಫೋನಿನ ಪುಟ್ಟ ಯುಎಸ್‌ಬಿ ಅಡಾಪ್ಟರಿಗೆ ಚುಚ್ಚಿದರೆ ಎಡಬದಿ ಬಿಗಿಯಾಗಿದೆ, ದನಿ ಮಾತ್ರ ಸಾಲದು. ಎಂ50ಎಕ್ಸ್‌ಗೆ ಅಡಾಪ್ಟರೇ ಸಾಕಾಗಿ ಮಿಗುತ್ತದೆ. ಹಾಡು ಅದೇ, ಕಿವಿ ಅವೇ. ಬದಲಾಗುತ್ತಿರುವುದು ಏನು ಎಂದು ತಿಳಿಯದೆ ಹೊಸದೊಂದು ಡ್ಯಾಕ್ (ಡಿಜಿಟಲ್ ಹಾಡನ್ನು ಅನಲಾಗ್ ಸಿಗ್ನಲ್ ಮಾಡುವ ಸಾಧನ) ತರಲು ಮನಸ್ಸು ಮಾಡಿದ್ದೆ. ಆ ಮುಚ್ಚಳ ತೆಗೆಯದೆ ಇದ್ದಿದ್ದರೆ ತಂದೇಬಿಡುತ್ತಿದ್ದೆ.

ಮೊದಲು ಅಳತೆ. ಆಂಪಿನ ಔಟ್‌ಪುಟ್ ಇಂಪೀಡೆನ್ಸ್, ಅಂದರೆ ಹೊರಹೋಗುವ ಸಿಗ್ನಲ್ಲಿಗೆ ಆಂಪ್ ತಾನೇ ಒಡ್ಡುವ ಅಡ್ಡಿ, ತಿಳಿಯಲು ದುಬಾರಿ ಉಪಕರಣ ಬೇಡ. ಒಂದು ಮಲ್ಟಿಮೀಟರ್, ಒಂದು 33 ಓಮ್ ರೆಸಿಸ್ಟರ್ ಸಾಕು. 100 ಹರ್ಟ್ಜ್‌ನ ಒಂದೇ ಸ್ವರ ನುಡಿಸಿ, ಜ್ಯಾಕಿನಲ್ಲಿ ಏನೂ ಇಲ್ಲದಾಗ ಎಸಿ ವೋಲ್ಟೇಜ್ ಓದಿ ಬರೆದುಕೊಳ್ಳಬೇಕು. ಆಮೇಲೆ ವಾಲ್ಯೂಮ್ ಮುಟ್ಟದೆ, 33 ಓಮ್ ಅನ್ನು ಜ್ಯಾಕಿಗೆ ಅಡ್ಡ ಹಾಕಿ ಮತ್ತೆ ಓದಬೇಕು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, ಒಂದು ಕಳೆದು, 33ರಿಂದ ಗುಣಿಸಿದರೆ ಉತ್ತರ. 100 ಹರ್ಟ್ಜ್ ಏಕೆಂದರೆ ಸಾಮಾನ್ಯ ಮಲ್ಟಿಮೀಟರುಗಳು ಕೆಲವು ನೂರು ಹರ್ಟ್ಜ್ ದಾಟಿದ ಮೇಲೆ ಎಸಿಯನ್ನು ಸರಿಯಾಗಿ ಓದುತ್ತವೆಂಬ ಭರವಸೆ ಇಲ್ಲ. ಈ ಅಳತೆಗೆ ಹೆಡ್‌ಫೋನನ್ನೇ ಲೋಡ್ ಮಾಡಬಾರದು, ಅದರ ಇಂಪೀಡೆನ್ಸ್ ಆವರ್ತನಕ್ಕೆ ತಕ್ಕಂತೆ ಕುಣಿಯುತ್ತದೆ.

ರಿಸೀವರಿನಲ್ಲಿ ಬರಿದೆ ಇದ್ದಾಗ 5.20 ವೋಲ್ಟ್, ಲೋಡ್ ಹಾಕಿದಾಗ 0.47. ಲೆಕ್ಕ ಮಾಡಿದರೆ 332 ಓಮ್. ರೆಸಿಸ್ಟರಿನ ಪಟ್ಟಿ ಹೇಳಿದ್ದನ್ನೇ ಮೀಟರೂ ಹೇಳಿತು. ಅಡಾಪ್ಟರಿನಲ್ಲಿ 1 ಓಮ್ ಆಸುಪಾಸು, ಗರಿಷ್ಠ 1 ವೋಲ್ಟ್.

ಇಷ್ಟು ಸಿಕ್ಕಿದ ಮೇಲೆ ಊದಿದ ಎಡಬದಿಯ ಗುಟ್ಟು ಕಾಗದದ ಮೇಲೇ ಬಿಡಿಸಿಕೊಂಡಿತು. ಎಚ್‌ಡಿ 600 ಹೆಸರಿಗೆ 300 ಓಮ್. ಆದರೆ 100 ಹರ್ಟ್ಜ್ ಹತ್ತಿರ ಅದರ ಡಯಾಫ್ರಮ್ ತನ್ನ ಸಹಜ ಅನುರಣನದಲ್ಲಿರುತ್ತದೆ, ಅಲ್ಲಿ ಇಂಪೀಡೆನ್ಸ್ 500 ಓಮ್ ದಾಟುತ್ತದೆ. ಸರಣಿಯಲ್ಲಿ 330 ಓಮ್ ಕೂತಿದ್ದರೆ ವೋಲ್ಟೇಜ್ ಇಬ್ಬರ ನಡುವೆ ಪಾಲಾಗುತ್ತದೆ. 300 ಓಮ್ ಇರುವ ಕಡೆ ಹೆಡ್‌ಫೋನಿಗೆ ಸಿಗುವುದು 630ರಲ್ಲಿ 300 ಪಾಲು, ಅಂದರೆ 6.4 ಡೆಸಿಬಲ್ ನಷ್ಟ. 500 ಓಮ್ ಇರುವ ಕಡೆ 830ರಲ್ಲಿ 500, ನಷ್ಟ 4.4 ಮಾತ್ರ. ಹೀಗೆ 100 ಹರ್ಟ್ಜ್ ಸುತ್ತ 300 ಓಮ್ ಇರುವ ಕಡೆಗಿಂತ 2 ಡೆಸಿಬಲ್ ಹೆಚ್ಚು. ಕಿವಿ ಕೇಳಿದ್ದು ಅದನ್ನೇ. ಡ್ಯಾಕಿನದೇನೂ ತಪ್ಪಿರಲಿಲ್ಲ.

ರಿಸೀವರ್ ಮಾಡಿದವರದೂ ತಪ್ಪೆನ್ನಲಾಗದು. ಹೆಡ್‌ಫೋನ್ ಔಟ್‌ಪುಟ್‌ಗೆ 120 ಓಮ್ ಇರಲಿ ಎಂದು 1996ರ ಐಇಸಿ 61938 ಮಾನದಂಡವೇ ಹೇಳಿತ್ತು. ನಾನಂತೂ ಈಗ ಹಲವರು ಪಾಲಿಸುವ ಎಂಟರಲ್ಲೊಂದು ಪಾಲಿನ ನಿಯಮ ಹಿಡಿದಿದ್ದೇನೆ: ಆಂಪಿನ ಔಟ್‌ಪುಟ್ ಇಂಪೀಡೆನ್ಸ್ ಹೆಡ್‌ಫೋನಿನದರ ಎಂಟನೇ ಒಂದು ಪಾಲಿಗಿಂತ ಕಡಿಮೆ ಇರಲಿ. 38 ಓಮ್‌ಗೆ ಅದು 5 ಓಮ್‌ಗಿಂತ ಕೆಳಗೆ. ಒಂದಕ್ಕಿಂತ ಹೆಚ್ಚು ಆರ್ಮೇಚರ್ (ದನಿ ಹೊರಡಿಸುವ ಪುಟ್ಟ ಘಟಕ) ಇರುವ ಕಿವಿಯೊಳಗಿನ ಇಯರ್‌ಫೋನ್ ಇದ್ದವರು ಇದನ್ನು ಇನ್ನೂ ಗಟ್ಟಿಯಾಗಿ ಹಿಡಿಯಬೇಕು. 10 ಓಮ್‌ನಿಂದ 60 ಓಮ್‌ವರೆಗೆ ಏರಿಳಿಯುವ ಇಯರ್‌ಫೋನನ್ನು 10 ಓಮ್ ಆಂಪಿಗೆ ಕೊಟ್ಟರೆ ಒಂದು ಕಡೆ 6 ಡೆಸಿಬಲ್ ನಷ್ಟ, ಇನ್ನೊಂದು ಕಡೆ 1.3. ಸುಮಾರು 4.7 ಡೆಸಿಬಲ್ ವ್ಯತ್ಯಾಸ. ಅದು ಬೇರೆಯದೇ ಇಯರ್‌ಫೋನ್ ಕೇಳಿದ ಹಾಗೆ.

ಎರಡನೇ ಲೆಕ್ಕ: ಎಷ್ಟು ವೋಲ್ಟ್, ಎಷ್ಟು ಕರೆಂಟ್ ಬೇಕು? ಸಂಗೀತದ ಅತಿ ಜೋರಿನ ಕ್ಷಣಕ್ಕೆ 110 ಡೆಸಿಬಲ್ ಗುರಿ ಇಟ್ಟುಕೊಂಡೆ. ಇದು ಕೇಳುವ ಮಟ್ಟವಲ್ಲ, ಶಿಖರಕ್ಕೆ ಬಿಟ್ಟ ಜಾಗ. ಕೇಳುವಾಗ ನನ್ನ ಸರಾಸರಿ 70ರ ಆಸುಪಾಸು. ವಯಸ್ಕರಿಗೆ ವಾರಕ್ಕೆ 40 ಗಂಟೆ 80 ಡೆಸಿಬಲ್ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ, ಅದನ್ನು ದಾಟುವ ಆಸೆ ನನಗಿಲ್ಲ.

ಎಂ50ಎಕ್ಸ್ ಒಂದು ಮಿಲಿವ್ಯಾಟ್‌ಗೆ 99 ಡೆಸಿಬಲ್ ಕೊಡುತ್ತದೆ. 110 ಮುಟ್ಟಲು 12.6 ಮಿಲಿವ್ಯಾಟ್ ಬೇಕು. 38 ಓಮ್‌ನಲ್ಲಿ ಅದು 0.69 ವೋಲ್ಟ್, 18 ಮಿಲಿಆಂಪ್. ಎಚ್‌ಡಿ 600ಕ್ಕೆ ಮಿಲಿವ್ಯಾಟ್‌ಗೆ 97 ಎಂದು ಇಟ್ಟುಕೊಂಡೆ. 20 ಮಿಲಿವ್ಯಾಟ್, 2.45 ವೋಲ್ಟ್, 8 ಮಿಲಿಆಂಪ್. ನೋಡಿ, ಒಂದಕ್ಕೆ ಬೇಕಾದದ್ದು ಕರೆಂಟ್, ಇನ್ನೊಂದಕ್ಕೆ ವೋಲ್ಟೇಜ್. “ಈ ಆಂಪಿಗೆ ಶಕ್ತಿ ಎಷ್ಟು?” ಎಂದು ಬರೀ ಮಿಲಿವ್ಯಾಟ್ ಕೇಳಿದರೆ ಎರಡೂ ಒಂದೇ ಥರ ಕಾಣುತ್ತವೆ. 1 ವೋಲ್ಟಿನ ಅಡಾಪ್ಟರ್ ಒಂದಕ್ಕೆ ಸಾಕಾಗಿ ಇನ್ನೊಂದಕ್ಕೆ ಸಾಲದೆ ಹೋದದ್ದು ಇದಕ್ಕೇ.

ಇನ್ನು ಕೆಲಸ. ಮೇಜಿನ ಖಾನೆಯಲ್ಲಿ ಹಿಂದೆಂದೋ ಮಾಡಿಟ್ಟಿದ್ದ ಸಿಮೋಯ್ ಎಂಬ ಪುಟ್ಟ ಹೆಡ್‌ಫೋನ್ ಆಂಪ್ ಇತ್ತು. ಒಂದು 9 ವೋಲ್ಟ್ ಬ್ಯಾಟರಿ, ಒಂದು ಒಪಿಎ2134 ಚಿಪ್, ಎರಡು 4.7 ಕಿಲೋಓಮ್ ರೆಸಿಸ್ಟರಿನಿಂದ ಬ್ಯಾಟರಿಯ ವೋಲ್ಟೇಜನ್ನು ಅರ್ಧಕ್ಕೆ ಸೀಳಿ ಮಾಡಿದ ನಡುಗ್ರೌಂಡ್, ಎರಡು 220 ಮೈಕ್ರೋಫ್ಯಾರಡ್ ಕೆಪಾಸಿಟರ್. ಕಲಿಯುವವರಿಗೆ ಇಂದಿಗೂ ಇಷ್ಟು ಚೊಕ್ಕವಾದ ಸರ್ಕ್ಯೂಟ್ ನಾನು ಕಂಡಿಲ್ಲ. ನನ್ನ ಕೆಲಸಕ್ಕೆ ಮಾತ್ರ ಒದಗಲಿಲ್ಲ. ಮೊದಲನೆಯದಾಗಿ ಅದರ ಗೇನ್, ಅಂದರೆ ವೋಲ್ಟೇಜನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು, 11. ಕಡಿಮೆ ವೋಲ್ಟೇಜಿನ ಕಿಸೆ ಪ್ಲೇಯರುಗಳಿಗೆ ಅದು ಸರಿ. 2 ವೋಲ್ಟ್ ಕೊಡುವ ಡ್ಯಾಕಿಗೆ ಜೋಡಿಸಿದರೆ ವಾಲ್ಯೂಮ್ ಪೂರ್ತಿ ತಿರುಗಿಸಿದಾಗ 22 ವೋಲ್ಟ್ ಕೇಳುತ್ತದೆ, ಬ್ಯಾಟರಿ ಇರುವುದೇ 9. 300 ಓಮ್ ಲೋಡಿನಲ್ಲಿ ನನ್ನದರ ದನಿ 1.5 ವೋಲ್ಟ್ ಹತ್ತಿರವೇ ಒಡೆಯತೊಡಗಿತು. ಎರಡನೆಯದು ನಡುಗ್ರೌಂಡ್. ಹೆಡ್‌ಫೋನಿನಿಂದ ಮರಳುವ ಕರೆಂಟೆಲ್ಲ ಆ ಎರಡು ಕೆಪಾಸಿಟರ್ ಮೂಲಕವೇ ಹೋಗಬೇಕು. 20 ಹರ್ಟ್ಜ್‌ನಲ್ಲಿ ಅವೆರಡೂ ಸೇರಿ 18 ಓಮ್ ಅಡ್ಡಿ. 300 ಓಮ್‌ಗೆ ಅದು ಲೆಕ್ಕಕ್ಕಿಲ್ಲ. 38 ಓಮ್‌ನ ಎರಡು ಬದಿ ಸೇರಿದರೆ 19 ಓಮ್, ಅದರೆದುರು 18 ಸಣ್ಣದಲ್ಲ.

ಗೇನ್ ಇಳಿಸಿ, ಕೆಪಾಸಿಟರ್ ದೊಡ್ಡದು ಮಾಡಿ ನೋಡೋಣ ಎಂದು ಅದನ್ನು ಹಾಗೇ ಇಟ್ಟುಕೊಂಡು ಡ್ಯಾಕಿನ ಕಡೆ ತಿರುಗಿದೆ.

ಡ್ಯಾಕ್ ಎಂದರೆ ಪಿಸಿಎಂ5102ಎ ಚಿಪ್ ಇರುವ ಬೆರಳಗಲದ ಬೋರ್ಡ್. ಸುಮ್ಮನಿದ್ದ ಒಂದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಜೋಡಿಸಿದೆ. ಬಿಟ್ ಕ್ಲಾಕ್ ಪೈನ ಜಿಪಿಐಒ (ಸಂಪರ್ಕ ಪಿನ್) 18ಕ್ಕೆ, ಎಡ-ಬಲ ಕ್ಲಾಕ್ 19ಕ್ಕೆ, ದತ್ತಾಂಶ 21ಕ್ಕೆ. ಹೊರಪಿನ್ನುಗಳ ಲೆಕ್ಕದಲ್ಲಿ 12, 35, 40. ಪೈನ ಸೆಟ್ಟಿಂಗ್ ಫೈಲಿನಲ್ಲಿ ಹೈಫೈಬೆರಿ ಡ್ಯಾಕಿನ ಓವರ್‌ಲೇ (ಯಾವ ಸಾಧನ ಜೋಡಿಸಿದೆ ಎಂದು ಪೈಗೆ ತಿಳಿಸುವ) ಸಾಲು ಸೇರಿಸಿ, ಒಳಗಿನ ಆಡಿಯೋ ಆರಿಸಿ ಮತ್ತೆ ಚಾಲೂ ಮಾಡಿದೆ. ಹಾಡು ಓಡುತ್ತಿದೆ ಎಂದು ಪರದೆ ಹೇಳುತ್ತದೆ, ಕಿವಿಯಲ್ಲಿ ಬರೀ ಕರಕರ. ಬೋರ್ಡಿನ ಎಸ್‌ಸಿಕೆ ಪಿನ್ ಗಾಳಿಯಲ್ಲಿ ತೇಲುತ್ತಿತ್ತು. ಆ ಪಿನ್ ಗ್ರೌಂಡಿಗೆ ಕಟ್ಟಿದರೆ ಚಿಪ್ ತನಗೆ ಬೇಕಾದ ಕ್ಲಾಕನ್ನು ತಾನೇ ಒಳಗೆ ಹುಟ್ಟಿಸಿಕೊಳ್ಳುತ್ತದೆ. ಮುಂಬದಿಯಲ್ಲಿ ಅದಕ್ಕೆಂದೇ ಎರಡು ಪುಟ್ಟ ಪ್ಯಾಡ್ ಇವೆ. ಒಂದು ಹನಿ ಬೆಸುಗೆ ಬಿಟ್ಟು ಸೇರಿಸಿದೆ. ಬೋರ್ಡಿನ ಹಿಂಬದಿಯ ನಾಲ್ಕು ಸೇತುವೆಗಳನ್ನೂ ನೋಡಬೇಕು: ಒಂದು, ಎರಡು, ನಾಲ್ಕನೆಯವು ಕೆಳಮಟ್ಟಕ್ಕೆ, ಮೂರನೆಯದು ಮೇಲ್ಮಟ್ಟಕ್ಕೆ. ಆ ಮೂರನೆಯದು ಮ್ಯೂಟ್ ಪಿನ್, ಅದನ್ನು ಮೇಲಕ್ಕೆ ಕಟ್ಟದಿದ್ದರೆ ಪೂರ್ತಿ ಮೌನ.

ಆಮೇಲೆ ಬಂದ ಹಾಡು! ಅಷ್ಟು ಸಣ್ಣ ಬೋರ್ಡಿನಿಂದ ಅಷ್ಟು ಸ್ವಚ್ಛ ದನಿ ಬಂದದ್ದು ನೋಡಿ ನಿಜಕ್ಕೂ ಸಂತೋಷವಾಯಿತು. ಚಿಪ್ಪಿನ ಡೈನಾಮಿಕ್ ರೇಂಜ್ (ಅತಿ ಜೋರಿನಿಂದ ತಳದ ಸದ್ದಿನವರೆಗಿನ ಅಂತರ) 112 ಡೆಸಿಬಲ್, ಪೂರ್ತಿ ಔಟ್‌ಪುಟ್ 2.1 ವೋಲ್ಟ್. 16 ಬಿಟ್‌ನ ಸಿಡಿಯಲ್ಲಿ ಸಿದ್ಧಾಂತದ ಪ್ರಕಾರವೇ ಸಿಗುವುದು 98. ಆ 112ರ ತಳದಲ್ಲಿರುವ ಸದ್ದನ್ನು ಎಚ್‌ಡಿ 600ರ ಲೆಕ್ಕಕ್ಕೆ ತಿರುಗಿಸಿದರೆ ಕಿವಿಯ ಹತ್ತಿರ 0 ಡೆಸಿಬಲ್‌ಗಿಂತಲೂ ಕೆಳಗೆ. ಕೇಳಿಸುವ ಮಾತೇ ಇಲ್ಲ. ಈ ಚಿಪ್ಪಿಗೆ ಒಳಗೆ ವಾಲ್ಯೂಮ್ ಇಲ್ಲದ್ದರಿಂದ ಪೈನಲ್ಲಿ ಪೂರ್ತಿ ಬಿಟ್ಟು ಆಂಪಿನಲ್ಲೇ ತಿರುಗಿಸುತ್ತೇನೆ.

ಮರುದಿನ ಮಾಡಿದ ತಪ್ಪನ್ನು ಬಿಡಿಸಿ ಬರೆಯಬೇಕು, ಏಕೆಂದರೆ ಇದನ್ನು ಯಾರು ಬೇಕಾದರೂ ಮಾಡಬಹುದು. ಬ್ಯಾಟರಿ ಬೇಡ, ಒಂದೇ 12 ವೋಲ್ಟ್ ಡಿಸಿ ಅಡಾಪ್ಟರಿನಿಂದ ಸಿಮೋಯ್‌ಗೂ ಕೊಟ್ಟು, ಅದರಿಂದಲೇ 5 ವೋಲ್ಟ್ ಇಳಿಸಿ ಪೈಗೂ ಕೊಡೋಣ ಎಂದು ಹಾಗೆ ಕಟ್ಟಿದೆ. ಸಿಮೋಯ್‌ನ ಗ್ರೌಂಡ್ ನಿಜವಾದ ಗ್ರೌಂಡಲ್ಲ, ಅಡಾಪ್ಟರಿನ ಮೈನಸ್‌ಗಿಂತ 6 ವೋಲ್ಟ್ ಮೇಲಿರುವ ನಡುಬಿಂದು. ಪೈನ ಗ್ರೌಂಡ್ ಅಡಾಪ್ಟರಿನ ಮೈನಸ್ಸೇ. ಡ್ಯಾಕಿನಿಂದ ಆಂಪಿಗೆ ಸಿಗ್ನಲ್ ತಂತಿ ಚುಚ್ಚಿದ ಕೂಡಲೇ ಆ ತಂತಿಯ ಹೊರಕವಚದ ಮೂಲಕ ಇವೆರಡೂ ಒಂದಾದವು. ಆಂಪಿನ ಕೆಳಗಿನ ಅರ್ಧ ಸಪ್ಲೈ ಮಾಯ. ಹೊಗೆ ಬರಲಿಲ್ಲ, ವಾಸನೆ ಬರಲಿಲ್ಲ, ಎಲ್ಇಡಿ ಎಂದಿನಂತೆ ಉರಿಯುತ್ತಿತ್ತು. ಹೆಡ್‌ಫೋನ್ ಚುಚ್ಚುವ ಮುನ್ನ ಜ್ಯಾಕಿನಲ್ಲಿ ಡಿಸಿ ನೋಡುವ ರೂಢಿ ಇಟ್ಟುಕೊಂಡಿದ್ದೆ. ಮೀಟರ್ 1.1 ವೋಲ್ಟ್ ಡಿಸಿ ತೋರಿಸಿತು. 38 ಓಮ್ ಸುರುಳಿಯಲ್ಲಿ ಅದು 29 ಮಿಲಿಆಂಪ್, ಒಂದೇ ಸಮನೆ, ಡಯಾಫ್ರಮನ್ನು ಒಂದೇ ಕಡೆಗೆ ಒತ್ತಿ ಹಿಡಿದು. ಚುಚ್ಚಲಿಲ್ಲ, ಹೆಡ್‌ಫೋನ್ ಉಳಿಯಿತು.

ಅಲ್ಲಿಗೆ ಸಿಮೋಯ್ ಖಾನೆಗೆ ಮರಳಿತು. ಪ್ಲಸ್, ಮೈನಸ್ ಎರಡೂ ಇರುವ ನಿಜವಾದ ಸಪ್ಲೈ, ತನ್ನದೇ ಬೇರೆ ಅಡಾಪ್ಟರ್ ಇರುವ ಆಂಪ್ ಕಟ್ಟಲು ಕೂತೆ.

ಜಾಡು ಹಿಡಿದದ್ದು 2011ರಲ್ಲಿ ಎನ್‌ಡಬ್ಲ್ಯೂಎವಿಗೈ ಎಂಬ ಹೆಸರಿನಲ್ಲಿ ಒಬ್ಬರು ಸರ್ಕ್ಯೂಟ್ ಸಮೇತ ಹೊರಗಿಟ್ಟ ಒ2 ಆಂಪಿನದು. ಅದರಲ್ಲಿ ನನಗೆ ತುಂಬ ಹಿಡಿಸಿದ್ದು ಹಂತಗಳ ಕ್ರಮ. ಮೊದಲು ಗೇನ್, ಆಮೇಲೆ ವಾಲ್ಯೂಮ್, ಕೊನೆಗೆ ಬರೀ ಕರೆಂಟ್ ಕೊಡುವ ಬಫರ್. ವಾಲ್ಯೂಮ್ ಇಳಿಸಿದಾಗ ಹಾಡಿನ ಜೊತೆಗೆ ಗೇನ್ ಹಂತದ ಸುಯ್ಯೆಂಬ ಸದ್ದೂ ಇಳಿಯುತ್ತದೆ. ಸೂಕ್ಷ್ಮ ಇಯರ್‌ಫೋನುಗಳಿಗೆ ಇದರ ಬೆಲೆ ಗೊತ್ತಾಗುತ್ತದೆ. ಗೇನಿಗೆ ಎನ್‌ಜೆಎಂ2068, ಬಫರಿಗೆ ಎರಡು ಎನ್‌ಜೆಎಂ4556ಎ. ಒಂದು ಚಿಪ್ಪಿನೊಳಗಿನ ಎರಡು ಆಪ್-ಆಂಪನ್ನೂ (ಸಿಗ್ನಲ್ ಹಿಗ್ಗಿಸುವ ಘಟಕ) ಒಂದೇ ಬದಿಗೆ ದುಡಿಸಿ, ಪ್ರತಿಯೊಂದರ ಮುಂದೆ 1 ಓಮ್ ಇಟ್ಟು ಸೇರಿಸುವುದು. ಪ್ರತಿಯೊಂದಕ್ಕೂ 70 ಮಿಲಿಆಂಪ್ ಕೊಡುವ ತಾಕತ್ತಿದೆ, ಹಾಗಾಗಿ ಬದಿಗೆ 140. ಎರಡು 1 ಓಮ್ ಸಮಾಂತರದಲ್ಲಿ ನಿಂತರೆ ಔಟ್‌ಪುಟ್ ಇಂಪೀಡೆನ್ಸ್ ಅರ್ಧ ಓಮ್.

ಗೇನನ್ನು ನನ್ನ ಲೆಕ್ಕಕ್ಕೆ ಹೊಲಿದುಕೊಂಡೆ. ಡ್ಯಾಕ್ 2.1 ವೋಲ್ಟ್ ಕೊಡುತ್ತದೆ, ಎಚ್‌ಡಿ 600ಕ್ಕೆ ಬೇಕಾದದ್ದು 2.45. ಗೇನ್ 2 ಇದ್ದರೆ 4.2 ವೋಲ್ಟ್. ಮೆಲ್ಲಗೆ ಧ್ವನಿಮುದ್ರಿಸಿದ ಹಳೆಯ ಕಛೇರಿಗಳಿಗೂ ಜಾಗ ಉಳಿಯುತ್ತದೆ. ಎಂ50ಎಕ್ಸ್‌ಗೆ ಗೇನ್ 1 ಸಾಕು. ಎರಡು 1.5 ಕಿಲೋಓಮ್ ರೆಸಿಸ್ಟರ್, ಒಂದು ಸ್ವಿಚ್. ಇದಕ್ಕಿಂತ ಹೆಚ್ಚು ಗೇನ್ ಇಟ್ಟರೆ ಶಕ್ತಿಯೇನೂ ಹೆಚ್ಚುವುದಿಲ್ಲ, ವಾಲ್ಯೂಮ್ ಗುಂಡಿ ತಳದಲ್ಲೇ ಸಿಕ್ಕಿಕೊಳ್ಳುತ್ತದೆ ಅಷ್ಟೆ. ಆ ತಳದಲ್ಲಿ ಎಡ-ಬಲ ಸಮ ಇರುವುದಿಲ್ಲ. ನನ್ನ 10 ಕಿಲೋಓಮ್ ಲಾಗ್ ಪೊಟೆನ್ಷಿಯೋಮೀಟರನ್ನು ಅಳೆದು ನೋಡಿದೆ: ತಿರುವಿನ ಆರಂಭದಲ್ಲಿ ಒಂದು ಬದಿ 3 ಡೆಸಿಬಲ್ ಹಿಂದೆ, ಕಾಲುಭಾಗ ದಾಟಿದ ಮೇಲೆ ಅರ್ಧ ಡೆಸಿಬಲ್‌ಗಿಂತ ಕಡಿಮೆ.

ಸಪ್ಲೈಗೆ 12 ವೋಲ್ಟಿನ ಎಸಿ ಅಡಾಪ್ಟರ್. ಒಂದು ತಂತಿ ಗ್ರೌಂಡ್, ಇನ್ನೊಂದರಿಂದ ಎರಡು ಡಯೋಡ್ ಎದುರುಬದಿರಾಗಿ, ಎರಡು 1000 ಮೈಕ್ರೋಫ್ಯಾರಡ್, ಆಮೇಲೆ 7812 ಮತ್ತು 7912. ವೋಲ್ಟೇಜನ್ನು 12ರಲ್ಲೇ ನಿಲ್ಲಿಸುವ ಈ ಎರಡು ರೆಗ್ಯುಲೇಟರುಗಳು ನೋಡಲು ಅವಳಿ, ಕಾಲುಗಳು ಮಾತ್ರ ಬೇರೆ. 7812ರಲ್ಲಿ ಒಳಗೆ, ಗ್ರೌಂಡ್, ಹೊರಗೆ. 7912ರಲ್ಲಿ ಗ್ರೌಂಡ್, ಒಳಗೆ, ಹೊರಗೆ. 7912ರ ಬೆನ್ನಿನ ಲೋಹ ಒಳಬರುವ ವೋಲ್ಟೇಜಿಗೆ ಸೇರಿರುವುದರಿಂದ ಎರಡನ್ನೂ ಒಂದೇ ಹೀಟ್‌ಸಿಂಕಿಗೆ ಬರಿಮೈಯಲ್ಲಿ ಬಿಗಿಯುವಂತಿಲ್ಲ. ಚಿಪ್ಪುಗಳನ್ನು ಸಾಕೆಟ್ಟಿಗೆ ಹಾಕುವ ಮುನ್ನ ಬರೀ ಸಪ್ಲೈ ಚಾಲೂ ಮಾಡಿ ನೋಡಿದೆ. ಪ್ಲಸ್ 12.0, ಮೈನಸ್ 11.9.

ಚಿಪ್ಪು ಹಾಕಿದೆ. ಜ್ಯಾಕಿನಲ್ಲಿ ಡಿಸಿ 3 ಮಿಲಿವೋಲ್ಟ್. ಹೆಡ್‌ಫೋನ್ ಚುಚ್ಚಿದೆ. ಹಾಡಿನ ಹಿಂದೆ ಒಂದು ಸಣ್ಣ ಗುಂಯ್. ವಾಲ್ಯೂಮ್ ಸೊನ್ನೆಗೆ ತಂದರೆ ಹೋಗುತ್ತದೆ, ಹಾಗಾದರೆ ಅದು ಒಳಬರುತ್ತಿರುವುದು ಗೇನ್ ಹಂತದಲ್ಲಿ ಅಥವಾ ಅದಕ್ಕೂ ಮುಂಚೆ. ಡ್ಯಾಕ್ ಕಿತ್ತು, ಇನ್‌ಪುಟ್ ಜ್ಯಾಕಿನಲ್ಲೇ ಶಾರ್ಟ್ ಮಾಡಿದೆ. ಆಗಲೂ ಇದೆ. ಹಾಗಾದರೆ ಡ್ಯಾಕ್ ಅಲ್ಲ, ಪೈ ಅಲ್ಲ. ಒಂದು ಸಂಜೆ ಇಡೀ ತಂತಿ ಎತ್ತಿ ಇಳಿಸಿ ಹುಡುಕಿದ ಮೇಲೆ ಸಿಕ್ಕಿತು. ಇನ್‌ಪುಟ್ ಜ್ಯಾಕಿನ ಗ್ರೌಂಡನ್ನು ಹತ್ತಿರವಿದೆಯೆಂದು ಅಡಾಪ್ಟರ್ ಸಾಕೆಟ್ಟಿನ ಗ್ರೌಂಡಿಗೆ ಕಟ್ಟಿದ್ದೆ. ಅಲ್ಲಿಂದ 1000 ಮೈಕ್ರೋಫ್ಯಾರಡ್ ಕೆಪಾಸಿಟರುಗಳವರೆಗಿನ ತುಂಡು ತಂತಿಯಲ್ಲಿ ಡಯೋಡುಗಳು ಆ ಕೆಪಾಸಿಟರುಗಳನ್ನು ತುಂಬಿಸುವ ಕರೆಂಟ್ ಭರಭರನೆ ಹರಿಯುತ್ತದೆ. ತಂತಿಯ ಪ್ರತಿರೋಧ ಎಷ್ಟೇ ಸಣ್ಣದಾದರೂ ಆ ಹೊಡೆತಕ್ಕೆ ಒಂದಷ್ಟು ವೋಲ್ಟೇಜ್ ಅದರ ಮೇಲೆ ಹುಟ್ಟಿ ನೇರ ಹಾಡಿಗೆ ಸೇರುತ್ತಿತ್ತು. ಇನ್‌ಪುಟ್ ಗ್ರೌಂಡ್, ವಾಲ್ಯೂಮಿನ ಗ್ರೌಂಡ್, ಹೆಡ್‌ಫೋನ್ ಜ್ಯಾಕಿನ ಗ್ರೌಂಡ್ ಮೂರನ್ನೂ ಬಿಡಿಸಿ, ರೆಗ್ಯುಲೇಟರ್ ಆದ ಮೇಲಿನ ಒಂದೇ ಬಿಂದುವಿಗೆ ತಂದು ಕಟ್ಟಿದೆ. ಗುಂಯ್ ನಿಂತಿತು. ವಾಲ್ಯೂಮ್ ಪೂರ್ತಿ ತಿರುಗಿಸಿ ಉಸಿರು ಹಿಡಿದು ಕೇಳಿದರೂ ಇಲ್ಲ.

ಔಟ್‌ಪುಟ್ ಇಂಪೀಡೆನ್ಸ್ ಮತ್ತೆ ಅದೇ 33 ಓಮ್‌ನಿಂದ ಅಳೆದೆ. 1.000 ವೋಲ್ಟ್ 0.984ಕ್ಕೆ ಇಳಿಯಿತು. 0.54 ಓಮ್.

ಈಗ ಕೇಳಿ ನೋಡುವ ಸರದಿ. ಎರಡು ಸಾಧನಗಳಲ್ಲಿ ಯಾವುದು ಒಂದಿಷ್ಟು ಜೋರೋ ಅದೇ ಚೆಂದ ಎಂದು ಕಿವಿ ತೀರ್ಪು ಕೊಟ್ಟುಬಿಡುತ್ತದೆ. ಆದ್ದರಿಂದ ಹೆಡ್‌ಫೋನ್ ಚುಚ್ಚಿಟ್ಟು, 1000 ಹರ್ಟ್ಜ್‌ನಲ್ಲಿ ಎರಡರ ಮಟ್ಟವನ್ನೂ 0.1 ಡೆಸಿಬಲ್ ಒಳಗೆ, ಅಂದರೆ ವೋಲ್ಟೇಜಿನಲ್ಲಿ ಶೇಕಡಾ ಒಂದರಷ್ಟು ಹತ್ತಿರಕ್ಕೆ, ಸರಿಮಾಡಿಕೊಂಡೆ. ಇದಕ್ಕೆ ಆಡಿಯೋ ಆವರ್ತನಗಳನ್ನು ನಿಖರವಾಗಿ ಓದುವ ಮೀಟರನ್ನು ಗೆಳೆಯನಿಂದ ತಂದಿದ್ದೆ. ತಂಗಿ ನನ್ನ ಬೆನ್ನ ಹಿಂದೆ ಸ್ವಿಚ್ ಹಿಡಿದು ಕೂತಳು. ಒಂದು ಸರದಿ ಮುಗಿದಾಗ “ಹೇಳಣ್ಣ, ಈಗ ಬಂದಿದ್ದು ಯಾವುದು?” ಎನ್ನುವಳು. ನಾನು ಹೇಳಿದ್ದನ್ನು ಬರೆದುಕೊಳ್ಳುವಳು, ಸರಿಯೋ ತಪ್ಪೋ ಕೊನೆವರೆಗೂ ಬಾಯಿ ಬಿಡಲಿಲ್ಲ.

ಫೋನ್ ಅಡಾಪ್ಟರಿನ ಡ್ಯಾಕ್ ಒಂದು ಕಡೆ, ಪಿಸಿಎಂ5102ಎ ಇನ್ನೊಂದು ಕಡೆ, ಎರಡೂ ಹೊಸ ಆಂಪಿನ ಮೂಲಕ. 16 ಸಲದಲ್ಲಿ 9 ಸಲ ಸರಿ ಹೇಳಿದ್ದೆ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಆಮೇಲೆ ಡ್ಯಾಕ್ ಒಂದೇ ಇಟ್ಟು, ಎಚ್‌ಡಿ 600 ಅನ್ನು ಒಮ್ಮೆ ರಿಸೀವರಿನ 330 ಓಮ್ ಜ್ಯಾಕಿನಿಂದ, ಒಮ್ಮೆ ಹೊಸ ಆಂಪಿನಿಂದ. 10 ಸಲದಲ್ಲಿ ಒಂದೂ ತಪ್ಪಲಿಲ್ಲ. ಎಡಬದಿಯ ಗುಮಕಿ ಬಂದ ಕ್ಷಣವೇ ಗೊತ್ತಾಗುತ್ತಿತ್ತು. ಕೈಯಲ್ಲಿ ಇಂತಿಷ್ಟೇ ದುಡ್ಡು, ಇಂತಿಷ್ಟೇ ಸಮಯ ಇರುವವರಿಗೆ ನಾನು ಇದನ್ನೇ ಹೇಳುವುದು: ಹೆಡ್‌ಫೋನಿನ ಆಯ್ಕೆ ಮೊದಲು, ಅದಕ್ಕೆ ಸಾಕಾಗುವ ವೋಲ್ಟೇಜ್, ಕರೆಂಟ್ ಮತ್ತು ಕಡಿಮೆ ಔಟ್‌ಪುಟ್ ಇಂಪೀಡೆನ್ಸ್ ಆಮೇಲೆ. ಡ್ಯಾಕ್ ಸದ್ದಿಲ್ಲದೆ ಸರಿಯಾಗಿ ಕೆಲಸ ಮಾಡುತ್ತಿದ್ದರೆ ಅದನ್ನು ಬದಲಿಸುವ ಯೋಚನೆ ಕಟ್ಟಕಡೆಗೆ.

ಮೀಟರ್ ವಾಪಸ್ ಒಯ್ಯಲು ಬಂದ ಗೆಳೆಯ ತನ್ನ ಹೈಫೈಮ್ಯಾನ್ ಎಚ್ಇ-6 ತಂದಿದ್ದ. 50 ಓಮ್‌ನ ಪ್ಲೇನರ್ (ಚಪ್ಪಟೆ ಡಯಾಫ್ರಮ್ಮಿನ) ಹೆಡ್‌ಫೋನ್, ಮಿಲಿವ್ಯಾಟ್‌ಗೆ 83.5 ಡೆಸಿಬಲ್ ಮಾತ್ರ. 110 ಮುಟ್ಟಲು 447 ಮಿಲಿವ್ಯಾಟ್, 4.7 ವೋಲ್ಟ್, 95 ಮಿಲಿಆಂಪ್. ನನ್ನ ಆಂಪಿನ ಕೊನೆ 4.2 ವೋಲ್ಟ್. ಆ ಮಟ್ಟದಲ್ಲಿ ಕರೆಂಟಿನ ಶಿಖರ 120 ಮಿಲಿಆಂಪ್ ಹತ್ತಿರ ಹೋಗುತ್ತದೆ, ಚಿಪ್ಪುಗಳ ಮಿತಿ 140. ಹಾಡು ಚೆನ್ನಾಗಿಯೇ ಬಂತು, ಆದರೆ 4556ಎ ಮೇಲೆ ಬೆರಳಿಡಲಾಗದಷ್ಟು ಕಾವು. ಪ್ಲೇನರುಗಳ ಇಂಪೀಡೆನ್ಸ್ ಎಲ್ಲ ಆವರ್ತನದಲ್ಲೂ ಹೆಚ್ಚುಕಡಿಮೆ ಒಂದೇ ಇರುವುದರಿಂದ ಔಟ್‌ಪುಟ್ ಇಂಪೀಡೆನ್ಸಿನ ತಂಟೆ ಅವಕ್ಕೆ ಕಡಿಮೆ, ಹಸಿವು ಮಾತ್ರ ದೊಡ್ಡದು. ಅವನಿಗೆ ಬೇಕಾದದ್ದು ಬೇರೆಯೇ ಆಂಪ್, ಅದನ್ನು ಅವನಿಗೂ ಹೇಳಿದೆ.

ಉಳಿದದ್ದು ಮುಚ್ಚಳ ಬಿಚ್ಚಿಟ್ಟಿದ್ದ ರಿಸೀವರ್. ಅದರ ಸ್ಪೀಕರ್ ಮೈನಸ್ ಎರಡೂ ಗ್ರೌಂಡಿಗೆ ಸೇರಿವೆಯೇ ಎಂದು ಮೊದಲು ಮೀಟರ್ ಹಿಡಿದು ಖಚಿತಪಡಿಸಿಕೊಂಡೆ. ಬ್ರಿಡ್ಜ್ ಮಾದರಿಯ (ಸ್ಪೀಕರ್ ಮೈನಸ್ ಗ್ರೌಂಡಿಗೆ ಸೇರದ) ಆಂಪಾಗಿದ್ದರೆ ಈ ಕೆಲಸಕ್ಕೆ ಕೈ ಹಾಕಬಾರದು. 330 ಓಮ್ ಎರಡನ್ನೂ ಕಿತ್ತು, ಆ ಜಾಗದಲ್ಲಿ ಸರಣಿಗೆ 33 ಓಮ್‌ನ 10 ವ್ಯಾಟ್ ವೈರ್‌ವೂಂಡ್, ಜ್ಯಾಕಿನಿಂದ ಗ್ರೌಂಡಿಗೆ 10 ಓಮ್‌ನ 5 ವ್ಯಾಟ್ ಹಾಕಿದೆ. ವೋಲ್ಟೇಜ್ ನಾಲ್ಕನೇ ಒಂದು ಪಾಲಿಗಿಂತ ತುಸು ಕೆಳಗಿಳಿಯುತ್ತದೆ, ರಿಸೀವರಿನ ಸುಯ್ಯೆಂಬ ಸದ್ದೂ ಅದರ ಜೊತೆಗೇ. ಲೋಡ್ ಹಾಕಿ ಅಳೆದರೆ 1.00 ವೋಲ್ಟ್ 0.81 ಆಯಿತು, ಅಂದರೆ 7.7 ಓಮ್. ಎಂ50ಎಕ್ಸ್‌ಗೆ ನನ್ನ ಎಂಟರಲ್ಲೊಂದು ನಿಯಮ ಕೂಡಿಬರುವುದಿಲ್ಲ. ಎಚ್‌ಡಿ 600ರಲ್ಲಿ 2 ಡೆಸಿಬಲ್ ಇದ್ದ ಉಬ್ಬು 0.1ಕ್ಕೆ ಇಳಿದಿದೆ. ಅದೇ ಮೃದಂಗವನ್ನು ಅದೇ ರಿಸೀವರಿನಲ್ಲಿ ಮತ್ತೆ ಹಾಕಿ ಕೇಳಿದೆ. ಎಡಬದಿ ತನ್ನ ಜಾಗದಲ್ಲಿತ್ತು. ರೆಸಿಸ್ಟರುಗಳಿಗೆ ಗಾಳಿಯಾಡಲು ಬೋರ್ಡಿನಿಂದ ಒಂದು ಬೆರಳಷ್ಟು ಎತ್ತರಿಸಿ, ಮುಚ್ಚಳ ಮುಚ್ಚಿ, ಆರು ಸ್ಕ್ರೂ ಬಿಗಿದು ತಂಗಿಯ ಮೇಜಿಗೆ ಸಾಗಿಸಿದೆ.